ರಂಗಸ್ಥಳದ ಬೆಳಕಿಗೆ ಯಾವ ಲೆನ್ಸು?

ಕಳೆದ ಫೆಬ್ರವರಿ ತಿಂಗಳ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಾಲಿಗ್ರಾಮದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ತಾನು ತೆಗೆದ ಛಾಯಾಚಿತ್ರಗಳನ್ನು ಒಂದೊಂದಾಗಿ ನನ್ನ ಮುಂದೆ ಸರಿಸುತ್ತ ಹೋದಳು. ಬಣ್ಣವಿತ್ತು, ಮುಂಡಾಸಿನ ಜರಿಯ ಹೊಳಪಿತ್ತು, ಎದೆಕಟ್ಟಿನ ಮಿಣುಕಿತ್ತು. ಆದರೆ ವೇಷಧಾರಿಯ ಮೋರೆಯಿರಬೇಕಾದ ಸ್ಥಳದಲ್ಲಿ ನೀರಿನಲ್ಲಿ ಕಲಸಿದಂಥ ಒಂದು ಕೆಂಪು ಕಲೆ ಮಾತ್ರವಿತ್ತು.

“ಸರ್, ಇದ್ರಲ್ ಒಂದ್ರಗೂ ಅಪ್ಪಯ್ಯನ ಮುಖ ಕಾಂತಿಲ್ಲ” ಎಂದಳು.

ಆಕೆಯ ತಂದೆ ಬಡಗುತಿಟ್ಟಿನ ಮೇಳವೊಂದರಲ್ಲಿ ಮೂವತ್ತು ವರ್ಷ ಪುರುಷವೇಷ ಮಾಡಿದವರು. ಮಂಡಿನೋವು ಹೆಚ್ಚಿದುದರಿಂದ, ಈ ತಿರುಗಾಟ ಮುಗಿದೊಡನೆ ಗೆಜ್ಜೆ ಬಿಚ್ಚುವುದೆಂದು ನಿಶ್ಚಯಿಸಿದ್ದರು. ಮೇಳಗಳ ತಿರುಗಾಟ ನವೆಂಬರಿನಿಂದ ಮೇ ತಿಂಗಳವರೆಗೆ. ಉಳಿದದ್ದು ಮೂರೇ ತಿಂಗಳು. ನಮ್ಮ ಮಗ್ಗುಲಿನ ಗುಂಡ್ಮಿಯವರೇ ಆದ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡರೂ, ಸಾಲಿಗ್ರಾಮ ಮೇಳದಲ್ಲಿ ಭಾಗವತರಾಗಿದ್ದ ಅವರ ಕಂಠವನ್ನು ಧ್ವನಿಸುರುಳಿಗಳು ಉಳಿಸಿಕೊಟ್ಟಿವೆ. ಕುಣಿತಕ್ಕೆ ಆ ಬಗೆಯ ಸುರುಳಿಯಿಲ್ಲ; ಅದನ್ನು ಕಣ್ಣಿನಿಂದಲೇ ಹಿಡಿಯಬೇಕು.

ಅವಳ ಕೈಯಲ್ಲಿದ್ದುದು ಭಾವನಿಂದ ಬಂದ ಹಳೆಯ ಕ್ಯಾನನ್ ಕ್ಯಾಮರಾ, ಅದರ ಜೊತೆಗೇ ಬಂದ 18-55 ಮಿ.ಮೀ. ಜೂಮ್ ಲೆನ್ಸು. ತಪ್ಪು ಕೈಯದೋ, ಕ್ಯಾಮರಾದ್ದೋ, ಲೆನ್ಸಿನದೋ ಎಂಬುದು ಪ್ರಶ್ನೆ.

ಲೆನ್ಸಿನ ಮೈಮೇಲೆ ಎರಡು ಜೊತೆ ಅಂಕಿಗಳಿರುತ್ತವೆ. ಅಂಗಡಿಯಲ್ಲಿ ಎಲ್ಲರೂ ಮೊದಲನೆಯ ಜೊತೆಯನ್ನೇ ನೋಡುತ್ತಾರೆ: 18-55, 18-135, 18-200. ಅದು ಸಂಗಮದೂರ, ನೋಟ ಎಷ್ಟು ಅಗಲ, ಎಷ್ಟು ಹತ್ತಿರ ಎಂಬುದನ್ನು ಹೇಳುತ್ತದೆ. ಎರಡನೆಯದು ರಂಧ್ರದ ಅಳತೆ, ಎಫ್ ಸಂಖ್ಯೆ. ಇದು ಚಿಕ್ಕದಾದಷ್ಟೂ ರಂಧ್ರ ದೊಡ್ಡದು, ಒಳಬರುವ ಬೆಳಕು ಹೆಚ್ಚು. ಕ್ಯಾಮರಾದೊಡನೆ ಬರುವ 18-55ರಲ್ಲಿ ಈ ರಂಧ್ರ ಸ್ಥಿರವಲ್ಲ. 18ರಲ್ಲಿ ಎಫ್ 3.5 ಇದ್ದದ್ದು, ದೂರದ್ದನ್ನು ಹತ್ತಿರಕ್ಕೆ ಎಳೆಯುತ್ತ 55ಕ್ಕೆ ಹೋದಾಗ ಎಫ್ 5.6ಕ್ಕೆ ಕುಗ್ಗುತ್ತದೆ. ಎಫ್ 2.8ರ ಲೆನ್ಸು ಅದೇ ಜಾಗದಲ್ಲಿ ನಾಲ್ಕು ಪಾಲು ಬೆಳಕನ್ನು ಒಳಗೆ ಬಿಡುತ್ತದೆ. ಅಂದರೆ ಮೊದಲನೆಯದು ಸೆಕೆಂಡಿನ 60ರಲ್ಲೊಂದು ಭಾಗ ಕಣ್ಣು ತೆರೆದಿರಬೇಕಾದಲ್ಲಿ, ಎರಡನೆಯದಕ್ಕೆ ಸುಮಾರು 250ರಲ್ಲೊಂದು ಭಾಗ ಸಾಕು. ಅರ್ಥ ಹೇಳುತ್ತ ನಿಂತ ವೇಷಕ್ಕೆ 60ರಲ್ಲೊಂದು ಸಾಕಾದೀತು. ದಿಗಿಣ ಹಾರುವ ವೇಷಕ್ಕೆ ಸಾಲದು. ಅವಳ ಚಿತ್ರಗಳು ಕಲಸಿಹೋದದ್ದು ಇಲ್ಲಿಯೇ. ಲೆನ್ಸಿನಲ್ಲಿ ಕಂಪನ ತಡೆಯುವ ವ್ಯವಸ್ಥೆ ಇದೆಯಲ್ಲ ಎಂದು ಅವಳು ಕೇಳಿದಳು. ಅದು ತಡೆಯುವುದು ನಮ್ಮ ಕೈ ನಡುಕವನ್ನು, ವೇಷಧಾರಿಯ ಕಾಲನ್ನಲ್ಲ. ಫ್ಲ್ಯಾಷ್ ಹೊಡೆಯುವುದಂತೂ ಕುಣಿಯುವವರ ಕಣ್ಣಿಗೆ ಅಪಾಯ, ಮುಖವರ್ಣಿಕೆಗೆ ಅವಮಾನ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಪೇಟೆಯ ಅಂಗಡಿಯೊಂದರಲ್ಲಿ ಅವಳಿಗೆ 18-200ನ್ನು ಹೊಗಳಿದ್ದರು. ಡೇರೆಯ ಹಿಂದಿನ ಸಾಲಿನಿಂದಲೂ ಮೂಗಿನ ನತ್ತು ಕಾಣುವುದಂತೆ. ಕಾಣುವುದು ನಿಜ, ಆದರೆ ಆ ದೂರದಲ್ಲಿ ಅದರ ರಂಧ್ರವೂ ಎಫ್ 5.6 ಅಥವಾ ಅದಕ್ಕಿಂತ ಕಿರಿದು. ಬೆಂಗಳೂರಿನ ಬಂಧುವೊಬ್ಬರು, ‘ಕೊಳ್ಳುವುದಾದರೆ ಒಳ್ಳೆಯದನ್ನೇ ಕೊಳ್ಳು’ ಎಂದು ಪೂರ್ಣ ಚೌಕಟ್ಟಿನ 24-105 ಎಫ್ 4 ಲೆನ್ಸನ್ನು ಸೂಚಿಸಿದ್ದರು. ಒಳ್ಳೆಯ ಲೆನ್ಸು, ಸಂಶಯವಿಲ್ಲ. ಆದರೆ ಅದು ಇನ್ನೊಂದು ಕ್ಯಾಮರಾಕ್ಕೆ ಹೊಲಿದ ಅಂಗಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಫಿಲ್ಮಿನ ಚೌಕಟ್ಟು 36×24 ಮಿ.ಮೀ. ಕ್ರಾಪ್ ಸೆನ್ಸರ್ ಎಂದು ಕರೆಯುವುದು ಅದಕ್ಕಿಂತ ಕಿರಿದು. ನಿಕಾನ್, ಸೋನಿ, ಫ್ಯೂಜಿಗಳಲ್ಲಿ ಸುಮಾರು 23.5×15.6, ಕ್ಯಾನನ್‌ನಲ್ಲಿ ಇನ್ನೂ ತುಸು ಕಡಿಮೆ. 1996ರಲ್ಲಿ ಬಂದ ಎಪಿಎಸ್ ಎಂಬ ಫಿಲ್ಮಿನ ಒಂದು ಅಳತೆಯ ಹೆಸರೇ ಇದಕ್ಕೆ ಎಪಿಎಸ್-ಸಿ ಎಂದು ಅಂಟಿಕೊಂಡಿದೆ. ಚೌಕಟ್ಟು ಕಿರಿದಾದುದರಿಂದ ನೋಟದ ಅಂಚು ಕತ್ತರಿಸಿಹೋಗಿ, ಯಾವ ಲೆನ್ಸನ್ನು ಹಾಕಿದರೂ ಅದು ಒಂದೂವರೆ ಪಾಲು (ಕ್ಯಾನನ್‌ನಲ್ಲಿ 1.6 ಪಾಲು) ಉದ್ದವಾದಂತೆ ತೋರುತ್ತದೆ. ಆದ್ದರಿಂದ ಪೂರ್ಣ ಚೌಕಟ್ಟಿನಲ್ಲಿ 24ರಿಂದ ತೊಡಗುವ ಸಾಮಾನ್ಯ ಜೂಮ್ ಇಲ್ಲಿ 38ರಿಂದ ತೊಡಗಿದಂತಾಗುತ್ತದೆ. ಕ್ರಾಪ್ ಕ್ಯಾಮರಾದ ಸಾಮಾನ್ಯ ಜೂಮ್ 16, 17 ಅಥವಾ 18ರಿಂದಲೇ ಆರಂಭವಾಗಬೇಕು.

ಆ ಆರೇಳು ಮಿ.ಮೀ.ನಲ್ಲೇನಿದೆ ಎಂದರೆ ಚೌಕಿಯೊಳಗೆ ಹೋಗಿ ನೋಡಬೇಕು. ಪೆಟ್ಟಿಗೆಗಳ ನಡುವೆ, ಕನ್ನಡಿಯ ಮುಂದೆ ಕಾಲು ಮಡಿಸಿ ಕುಳಿತು ಬಣ್ಣ ಬರೆಯುವವರ ಎದುರು ನಿಲ್ಲಲು ನಮಗೆ ಎರಡು ಮೀಟರಿಗಿಂತ ಹೆಚ್ಚು ಜಾಗ ಸಿಕ್ಕುವುದಿಲ್ಲ. ಅಲ್ಲಿಂದ 24 ಮಿ.ಮೀ. ಲೆನ್ಸಿಗೆ 1.86 ಮೀಟರ್ ಅಗಲ ಮಾತ್ರ ಕಾಣುತ್ತದೆ, 17ಕ್ಕೆ 2.6 ಮೀಟರ್. ಮೊದಲನೆಯದರಲ್ಲಿ ವೇಷಧಾರಿ ಒಬ್ಬನೇ. ಎರಡನೆಯದರಲ್ಲಿ ಪಕ್ಕದಲ್ಲಿ ಮುಂಡಾಸು ಕಟ್ಟಿಸಿಕೊಳ್ಳುವವನೂ ಬರುತ್ತಾನೆ. ಇತ್ತ ರಂಗಸ್ಥಳದೆದುರು ಆರು ಮೀಟರ್ ದೂರದಲ್ಲಿ ಕುಳಿತು, ಕ್ಯಾಮರಾವನ್ನು ನೆಟ್ಟಗೆ ನಿಲ್ಲಿಸಿ 50 ಮಿ.ಮೀ.ನಲ್ಲಿ ನೋಡಿದರೆ ಸುಮಾರು 2.7 ಮೀಟರ್ ಎತ್ತರ ಸಿಕ್ಕುತ್ತದೆ: ಗೆಜ್ಜೆಯಿಂದ ಮುಂಡಾಸಿನ ತುದಿಯವರೆಗೆ ಒಂದು ವೇಷ, ಹಾರುವುದಕ್ಕೆ ಮೇಲೆ ಒಂದಿಷ್ಟು ಜಾಗ.

ಈ ಲೆಕ್ಕವನ್ನು ನಾನು ಹೇಳಿದ್ದಕ್ಕಿಂತ ಅವಳ ಚಿತ್ರಗಳೇ ಚೆನ್ನಾಗಿ ಹೇಳಿದವು. ಪ್ರತಿಯೊಂದು ಚಿತ್ರದೊಡನೆ ಅದನ್ನು ಎಷ್ಟು ಮಿ.ಮೀ.ನಲ್ಲಿ ತೆಗೆದದ್ದೆಂಬುದನ್ನು ಕ್ಯಾಮರಾ ದಾಖಲಿಸಿಡುತ್ತದೆ. ಇಬ್ಬರೂ ಕುಳಿತು ಗುರುತು ಹಾಕಿದೆವು. ಚೌಕಿಯವೆಲ್ಲ 18ರಲ್ಲಿ, ಆಟದವು ಬಹುಪಾಲು 40 ಮತ್ತು 55ರ ನಡುವೆ. 200 ಬೇಕಿತ್ತೆನ್ನಿಸಿದ್ದು ನಾಲ್ಕೈದರಲ್ಲಿ ಮಾತ್ರ. ಲೆನ್ಸು ಕೊಳ್ಳಹೊರಟವರು ಅಂಗಡಿಗೆ ಹೋಗುವ ಮೊದಲು ಈ ಕೆಲಸ ಮಾಡತಕ್ಕದ್ದು ಎಂದು ನನ್ನ ಅಭಿಪ್ರಾಯ.

ಆದ್ದರಿಂದ ಬೇಕಾದದ್ದು ಉದ್ದವಲ್ಲ, ಬೆಳಕು. ಉದ್ದಕ್ಕೂ ಎಫ್ 2.8 ರಂಧ್ರವುಳ್ಳ ಜೂಮ್ ಹೊಸ ವಸ್ತುವೇನಲ್ಲ. ನಮ್ಮ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ 1957ರಲ್ಲಿ ಪ್ರಕಟವಾದಾಗ ಸ್ಥಿರಚಿತ್ರದ 35 ಮಿ.ಮೀ. ಕ್ಯಾಮರಾಗಳಿಗೆ ಜೂಮ್ ಲೆನ್ಸು ಬಂದಿರಲಿಲ್ಲ. 1959ರಲ್ಲಿ ಫೋಕ್ಟ್‌ಲೆಂಡರ್ ಸಂಸ್ಥೆ ಮಾರುಕಟ್ಟೆಗೆ ತಂದ ಮೊದಲನೆಯ ‘ಜೂಮರ್’ 36-82 ಮಿ.ಮೀ.ನದು, ಅದೂ ಎಫ್ 2.8! ಕ್ರಾಪ್ ಕ್ಯಾಮರಾಗಳಿಗಾಗಿ ಟ್ಯಾಮ್ರಾನ್ 17-50 ಮತ್ತು ಕ್ಯಾನನ್ 17-55 ಎರಡೂ 2006ರಲ್ಲಿ, ಸಿಗ್ಮಾ 17-50 2010ರಲ್ಲಿ ಬಂದವು. ಕನ್ನಡಿಯಿಲ್ಲದ ಹೊಸ ಕ್ಯಾಮರಾ ಉಳ್ಳವರಿಗೆ 2021ರಲ್ಲಿ ಎರಡು ದೊರೆತವು: ಟ್ಯಾಮ್ರಾನ್ 17-70, ಸಿಗ್ಮಾ 18-50. ಮೊದಲನೆಯದು ಅರ್ಧ ಕಿಲೋವಿಗೂ ಮಿಗಿಲು ಭಾರ, ಕಂಪನ ತಡೆಯುತ್ತದೆ. ಎರಡನೆಯದಕ್ಕೆ ಆ ಅನುಕೂಲವಿಲ್ಲ, ಆದರೆ 300 ಗ್ರಾಮಿನ ಒಳಗೇ ಇದೆ. ರಾತ್ರಿಯಿಡೀ ಕೊರಳಿಗೆ ತೂಗಿಸಿಕೊಂಡವರಿಗೆ ಈ ಗ್ರಾಮುಗಳ ಬೆಲೆ ಗೊತ್ತು.

ನನ್ನ ಮನಸ್ಸು ಮೊದಲು ವಾಲಿದ್ದು 35 ಮಿ.ಮೀ.ನ ಸ್ಥಿರ ಲೆನ್ಸಿನ ಕಡೆಗೆ. ಬೆಳಕು ಇನ್ನೂ ಹೆಚ್ಚು, ಹಣ ಕಡಿಮೆ. ಆದರೆ ಆಟದ ನಡುವೆ ಎದ್ದು ಮುಂದಕ್ಕೂ ಹಿಂದಕ್ಕೂ ಓಡಾಡಿದರೆ ಹಿಂದೆ ಕುಳಿತವರು ಸುಮ್ಮನಿರುವರೇ? ಎಫ್ 2.8ಕ್ಕೂ ಅದರದೇ ತೊಡಕಿದೆ. ಆರು ಮೀಟರಿನಿಂದ 50ರಲ್ಲಿ ತೆಗೆದರೆ ಸ್ಪಷ್ಟವಾಗಿರುವ ಆಳ ಒಂದೂವರೆ ಮೀಟರಿನಷ್ಟೇ. ಹಿಂದೆ ಕುಳಿತ ಭಾಗವತರು ಮಸುಕಾಗುತ್ತಾರೆ. ಹಗಲಿನ ರಥೋತ್ಸವವನ್ನೋ ಪಾರಂಪಳ್ಳಿಯ ಹಿನ್ನೀರಿನ ದೋಣಿಗಳನ್ನೋ ತೆಗೆಯುವವರು ಇದಕ್ಕೆ ಹಣ ಸುರಿಯಬೇಕಾಗಿಯೇ ಇಲ್ಲ. ಜೊತೆಗೆ ಬಂದ 18-55 ಅವರಿಗೆ ಧಾರಾಳ ಸಾಕು.

ಅವಳ ಕೈಗೆಟಕುವಂತಿದ್ದುದು ಹಳೆಯ ಟ್ಯಾಮ್ರಾನ್ 17-50, ಅದೂ ಬಳಸಿದ್ದು. ನಮ್ಮ ಕರಾವಳಿಯಲ್ಲಿ ಬಳಸಿದ ಲೆನ್ಸು ಕೊಳ್ಳುವವರ ಮೊದಲ ಶತ್ರು ಬೂಷ್ಟು. ನಾಲ್ಕು ತಿಂಗಳ ಮಳೆ, ಪಡುಗಾಳಿಯ ತೇವ ಎರಡೂ ಸೇರಿ ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳನ್ನು ಬೆಳೆಸುತ್ತವೆ. ರಂಧ್ರವನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚು ಬಿಟ್ಟು ನೋಡಿದೆವು. ಗೋಡೆಗೆ ವರ್ತಮಾನ ಪತ್ರಿಕೆಯ ಹಾಳೆ ಅಂಟಿಸಿ ಎಫ್ 2.8ರಲ್ಲಿ ತೆಗೆದು, ನಾಲ್ಕು ಮೂಲೆಯ ಅಕ್ಷರ ಓದಲಾಗುವುದೇ ಎಂದು ಪರೀಕ್ಷಿಸಿದೆವು. ಬಲಮೂಲೆ ಸ್ವಲ್ಪ ಮೆತ್ತಗಿತ್ತು. ವೇಷಧಾರಿ ಮೂಲೆಯಲ್ಲಿ ಕುಣಿಯುವುದಿಲ್ಲವಲ್ಲ, ಇರಲಿ ಎಂದೆ. (ನಿಕಾನ್ ಇದ್ದವರು ಇನ್ನೊಂದನ್ನು ನೋಡಿಕೊಳ್ಳಬೇಕು: ಅದರ ಚಿಕ್ಕ ಕ್ಯಾಮರಾಗಳಲ್ಲಿ ಫೋಕಸಿನ ಮೋಟರು ಇರುವುದಿಲ್ಲ, ಲೆನ್ಸಿನಲ್ಲೂ ಇಲ್ಲದಿದ್ದರೆ ಕೈಯಿಂದಲೇ ತಿರುಗಿಸಬೇಕು.)

ಮೇ ತಿಂಗಳಲ್ಲಿ ಅವಳು ಮತ್ತೆ ಬಂದಳು, ಈ ಸಲ ತಂದೆಯೊಡನೆ. ಕೊನೆಯ ಆಟದ ಒಡ್ಡೋಲಗದ ಚಿತ್ರ: ಎರಡೂ ಪಾದ ನೆಲ ಬಿಟ್ಟಿವೆ, ಕಣ್ಣು ಭಾಗವತರ ಕಡೆಗಿದೆ, ಹಣೆಯ ನಾಮದಂಚಿನಲ್ಲಿ ಬೆವರಿನ ಹನಿಯೊಂದು ಎಣಿಸುವಂತೆ ನಿಂತಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಈ ಎಡಗಾಲ್ ಇನ್ನೂ ಮೇಲ್ ಬರ್ಕಿತ್ತ್” ಎಂದರು.

ಲೆನ್ಸು ಈಗ ಗಾಳಿಯಾಡದ ಡಬ್ಬಿಯೊಂದರಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ನಡುವೆ ಮಳೆಗಾಲ ಕಳೆಯುತ್ತಿದೆ. ಗೋಡೆಗೆ ಕಟ್ಟು ಹಾಕಿಸಲು ಅವರು ಆರಿಸಿದ್ದು ಮಾತ್ರ ಚೌಕಿಯ ಚಿತ್ರವನ್ನು, ಮುಂಡಾಸು ಕಟ್ಟುವ ಹುಡುಗನ ಕೈಯೂ ಕಾಣುವಂಥದನ್ನು.