ಅಜ್ಜಂಪುರ ಟೈಪ್ ಮಾಡಿ ನೋಡೋಣ!

ಹೊಸ ಕೀಬೋರ್ಡ್ ಫೋಟೊ ಲೀಕ್ ಆಯ್ತಾ?
ಎಲ್ರೂ ನೋಡೋದು ಲೈಟು, ಬಣ್ಣ.
ನಾನು ಕೇಳೋದು ಒಂದೇ: ಒತ್ತಕ್ಷರ ಹೇಗೆ?

ಇಂಗ್ಲಿಷ್ ಕೀಲಿ 26.
ನಮ್ಮ ಅಕ್ಷರ 49.
ಇಷ್ಟನ್ನೂ ಅಷ್ಟರಲ್ಲೇ ಹಿಡಿಸೋ ದಾರಿ ತೋರಿಸಿದ್ದು ಕೆ.ಪಿ. ರಾವ್.
‘ನುಡಿ’ ತಂತ್ರಾಂಶದಲ್ಲಿರೋದು ಅವರದೇ ವಿನ್ಯಾಸ.

ಇದ್ರಲ್ಲಿ ‘ತರೀಕೆರೆ’ ಹೊಡೆಯೋದು ಸಲೀಸು.
ಕಡೂರು?
ಡಿ ಒತ್ತಿದ್ರೆ ‘ಕದೂರು’ ಬರುತ್ತೆ!
ನಮ್ಮ ‘ಡ’ ಇರೋದು ಡಬ್ಲ್ಯುನಲ್ಲಿ.
ನಾನೂ ಎಡವಿದ್ದೀನಿ, ಬಿಡಿ.

ಈಗ ಅಜ್ಜಂಪುರ.
‘ಜ್ಜ’ ಬೇಕಂದ್ರೆ
ಜೆ, ಎಫ್, ಮತ್ತೆ ಜೆ.
ನಡುವಿನ ಎಫ್ ಇದ್ಯಲ್ಲ,
ಬೀರೂರು ಜಂಕ್ಷನ್‌ನಲ್ಲಿ
ಬೋಗಿಗೆ ಬೋಗಿ ಸೇರಿಸೋ ಕೊಂಡಿ ಇದ್ದ ಹಾಗೆ.
ಅದು ಬಿಟ್ಟೋಯ್ತಾ?
ಊರು ‘ಅಜಜಂಪುರ’!

ಈಗ ಆ ಫೋಟೊ ಝೂಮ್ ಮಾಡಿ.
ಎಫ್, ಜೆ ಎರಡರ ಮೇಲೂ
ಸಣ್ಣ ಉಬ್ಬುಗೆರೆ ಇದ್ಯಾ?
ಇದ್ರೆ, ಅಜ್ಜಂಪುರದ ‘ಜ್ಜ’
ಕಣ್ಮುಚ್ಚಿ ಹೊಡೀಬಹುದು.