ಗಣಕಯಂತ್ರದ ಸೇವಾವ್ಯವಸ್ಥೆ: ಪೌರ್ವಾಪರ್ಯವೂ ಅವಲಂಬನೆಯೂ

ಲೋಕಾಪುರದ ಪರಿಸರದ ಶಾಸನಗಳ ಛಾಯಾಚಿತ್ರಗಳನ್ನೂ ವಿದ್ಯಾರ್ಥಿಗಳು ಸಿದ್ಧಪಡಿಸಿದ ಪಾಠಗಳನ್ನೂ ನಮ್ಮ ವಿಭಾಗದ ಲಿನಕ್ಸ್ ಗಣಕಯಂತ್ರವೊಂದರಲ್ಲಿ ಸಂಗ್ರಹಿಸಿದ್ದೇವೆ. ವಿದ್ಯುತ್ತು ನಿಂತು ಮರಳಿ ಬಂದಾಗಲೆಲ್ಲ ಈ ಶಾಸನಸೂಚಿಯು ಯಾರ ನೆರವೂ ಇಲ್ಲದೆ ಕಾರ್ಯಾರಂಭ ಮಾಡಬೇಕಷ್ಟೆ. ಈ ಹೊಣೆಯನ್ನು 'ಸಿಸ್ಟಮ್‌ಡಿ' ಎಂಬ ಸೇವಾವ್ಯವಸ್ಥಾಪಕಕ್ಕೆ ಒಪ್ಪಿಸಿದ ಬಗೆಯನ್ನೂ, ಆಗ ನಮ್ಮಿಂದಾದ ಒಂದು ಪ್ರಮಾದವನ್ನೂ ಇಲ್ಲಿ ನಿರೂಪಿಸುತ್ತೇವೆ.

ಲಿನಕ್ಸಿನ ತಿರುಳಾದ ಕರ್ನೆಲ್ ಮೊತ್ತಮೊದಲು ನಡೆಸುವ ಪ್ರೋಗ್ರಾಮಿಗೆ 1 ಎಂಬ ಸಂಖ್ಯೆ ಸಲ್ಲುತ್ತದೆ. ಉಳಿದ ಸೇವೆಗಳೆಲ್ಲವೂ ಅದರಿಂದಲೇ ಹೊರಡುತ್ತವೆ. ಯುನಿಕ್ಸ್ ಸಿಸ್ಟಮ್ ಫೈವ್‌ನಿಂದ ಬಂದ ಹಿಂದಿನ ಪದ್ಧತಿಯಲ್ಲಿ ಸೇವೆಗಳು ಕ್ರಮಾಂಕಕ್ಕನುಸಾರವಾಗಿ ಒಂದಾದ ಮೇಲೊಂದು ಆರಂಭವಾಗುತ್ತಿದ್ದವು. ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಅವರ ಸಿಸ್ಟಮ್‌ಡಿ 2010ರಲ್ಲಿ ಪ್ರಕಟವಾಯಿತು. 2011ರಲ್ಲಿ ಫೆಡೋರಾ 15, 2015ರಲ್ಲಿ ಡೆಬಿಯನ್ 8 ಇದನ್ನು ಅಂಗೀಕರಿಸಿದವು. ಇದು ಪರಸ್ಪರ ಸಂಬಂಧವಿಲ್ಲದ ಸೇವೆಗಳನ್ನು ಏಕಕಾಲಕ್ಕೆ ಆರಂಭಿಸುತ್ತದೆ. ಆದಕಾರಣ ಯಾವುದು ಯಾವುದನ್ನು ಕಾಯಬೇಕೆಂಬುದನ್ನು ನಾವೇ ಬರೆದು ತಿಳಿಸಬೇಕಾಗುತ್ತದೆ.

ಹಾಗೆ ತಿಳಿಸುವ ಕಡತಕ್ಕೆ 'ಯೂನಿಟ್ ಫೈಲ್' ಎಂದು ಹೆಸರು. ಸೇವೆಯ ಯೂನಿಟ್ ಫೈಲಿನಲ್ಲಿ ಸಾಮಾನ್ಯವಾಗಿ ಮೂರು ಭಾಗಗಳುಂಟು. 'ಯೂನಿಟ್' ಭಾಗದಲ್ಲಿ ಸೇವೆಯ ವಿವರಣೆಯೂ ಇತರ ಸೇವೆಗಳೊಡನೆ ಅದಕ್ಕಿರುವ ಸಂಬಂಧವೂ ಇರುತ್ತವೆ. 'ಸರ್ವಿಸ್' ಭಾಗದಲ್ಲಿ ನಡೆಸಬೇಕಾದ ಪ್ರೋಗ್ರಾಮನ್ನೂ, ಅದು ವಿಫಲವಾಗಿ ನಿಂತರೆ ಮರಳಿ ಆರಂಭಿಸಬೇಕೆ ಎಂಬುದನ್ನೂ ಬರೆಯುತ್ತೇವೆ. 'ಇನ್‌ಸ್ಟಾಲ್' ಭಾಗವು ಯಂತ್ರದ ಆರಂಭದ ಯಾವ ಹಂತಕ್ಕೆ ಸೇವೆಯು ಸೇರತಕ್ಕದ್ದೆಂಬುದನ್ನು ಸೂಚಿಸುತ್ತದೆ. ಬಳಿಕ 'ಸಿಸ್ಟಮ್‌ಸಿಟಿಎಲ್' ಆಜ್ಞೆಯ ಮೂಲಕ 'ಸ್ಟಾರ್ಟ್' ಎಂದರೆ ಸೇವೆಯು ಆಗಲೇ ಆರಂಭವಾಗುತ್ತದೆ. 'ಎನೇಬಲ್' ಎಂದರೆ ಮುಂದೆ ಯಂತ್ರವು ಆರಂಭವಾದಾಗಲೆಲ್ಲ ತಾನೇ ಹೊರಡುತ್ತದೆ. ಎರಡೂ ಅವಶ್ಯ.

ನಮ್ಮ ಪಾಠಗಳು ಪ್ರತ್ಯೇಕ ಡಿಸ್ಕಿನಲ್ಲಿದ್ದವು. ಡಿಸ್ಕು ಜೋಡಣೆಯಾದ ನಂತರ ಸೂಚಿಯು ಆರಂಭವಾಗಲೆಂದು 'ಆಫ್ಟರ್' ಎಂಬ ನಿರ್ದೇಶವನ್ನು ಬರೆದು ನಿಶ್ಚಿಂತರಾದೆವು. ಒಂದು ದಿನ ತಂತಿ ಸಡಿಲವಾಗಿ ಡಿಸ್ಕು ಜೋಡಣೆಯಾಗಲಿಲ್ಲ. ಆದರೂ ಸೂಚಿಯು ಆರಂಭವಾಯಿತು. ವಿದ್ಯಾರ್ಥಿಗಳ ಅಂದಿನ ಪಾಠಗಳೆಲ್ಲ ಡಿಸ್ಕಿಗೆಂದು ಮೀಸಲಾಗಿದ್ದ ಬರಿದಾದ ಕೋಶದಲ್ಲಿ ಸೇರಿದವು. ಮರುದಿನ ತಂತಿಯನ್ನು ಸರಿಪಡಿಸಿದೊಡನೆ ಡಿಸ್ಕು ಆ ಕೋಶವನ್ನು ಮರೆಮಾಡಿತು, ಪಾಠಗಳು ಕಾಣದಾದವು. ಡಿಸ್ಕನ್ನು ಬಿಡಿಸಿ ನೋಡಿದಾಗಲೇ ಅವು ಅಡಿಯಲ್ಲಿ ಸುರಕ್ಷಿತವಾಗಿರುವುದು ತಿಳಿದುಬಂದಿತು.

'ಆಫ್ಟರ್' ಎಂಬುದು ಕೇವಲ ಪೌರ್ವಾಪರ್ಯವನ್ನು ಹೇಳುತ್ತದೆ. ಮೊದಲಿನ ಕಾರ್ಯ ವಿಫಲವಾದರೂ ಮುಂದಿನದನ್ನು ತಡೆಯುವುದಿಲ್ಲ. ಅವಲಂಬನೆಯನ್ನು ಹೇಳುವುದು 'ರಿಕ್ವೈರ್ಸ್'. ಅದು ತಾನಾಗಿಯೇ ಕ್ರಮವನ್ನು ಹೇಳದು. ಆದ್ದರಿಂದ ಎರಡನ್ನೂ ಬರೆಯಬೇಕು. ಡಿಸ್ಕಿನ ವಿಷಯದಲ್ಲಿ 'ರಿಕ್ವೈರ್ಸ್‌ಮೌಂಟ್ಸ್‌ಫಾರ್' ಎಂಬ ಒಂದೇ ನಿರ್ದೇಶವು ಎರಡನ್ನೂ ಒಳಗೊಳ್ಳುತ್ತದೆ. ಇದನ್ನು ಸೇರಿಸಿದ ಮೇಲೆ, ಡಿಸ್ಕು ಇಲ್ಲದಿದ್ದರೆ ಸೂಚಿಯೂ ಆರಂಭವಾಗುವುದಿಲ್ಲ. ಸೇವೆ ನಿಂತಿರುವುದು ಕೂಡಲೇ ಕಣ್ಣಿಗೆ ಬೀಳುತ್ತದೆ. ಪಾಠಗಳು ತಪ್ಪು ಸ್ಥಳದಲ್ಲಿ ಸೇರುವುದು ಬೀಳದು.

ಒಂದು ಘಟನೆಯ ನಂತರ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲವೆಂದು, ಕಾಕತಾಳೀಯವನ್ನು ಉದಾಹರಿಸಿ, ತರಗತಿಯಲ್ಲಿ ಬೋಧಿಸುವವರು ನಾವು. ಅದೇ ವಿವೇಕವನ್ನು ಯಂತ್ರದ ಮುಂದೆ ಮರೆತಿದ್ದೆವು.