‘ಮಳೆ’ ಅಂತ ಪಾಠದಲ್ಲಿ ಎಲ್ಲಿದೆ?

ತರೀಕೆರೆ ಏರಿ ಮೇಲಿನ ಮೂರು ಕರಿ ಕುರಿಮರಿಗಳ ಮಾತನ್ನು ನಾಲಿಗೆ ತೊಡರದಂತೆ ಹೇಳುವುದು ನಮ್ಮ ಮಕ್ಕಳಿಗೆ ಪಂದ್ಯ. ಗೆದ್ದ ಮಗುವನ್ನು ‘ಏರಿ ಮೇಲೆ ಹುಲ್ಲಿತ್ತಾ?’ ಎಂದು ಕೇಳಿ ನೋಡಿ. ಎಷ್ಟೋ ಮಕ್ಕಳು ತಬ್ಬಿಬ್ಬಾಗುತ್ತಾರೆ. ಮಾತಿನಲ್ಲಿ ಹುಲ್ಲಿನ ಸುದ್ದಿಯೇ ಇಲ್ಲ. ಆದರೆ ಮರಿಗಳು ಮೇಯುತ್ತಿದ್ದವು ಅಂದಮೇಲೆ ಹುಲ್ಲು ಇರಲೇಬೇಕಲ್ಲ.

ಪಟಪಟನೆ ಓದುವ ಮಗುವಿಗೆ ಎಲ್ಲ ಅರ್ಥವಾಗಿದೆ ಎಂಬುದು ನಾನು ಅತಿ ಹೆಚ್ಚು ಕೇಳುವ ತಪ್ಪು ನಂಬಿಕೆ. ಅಕ್ಷರ ಬಿಡಿಸುವುದು ಒಂದು ಶಕ್ತಿ, ಮಾತನ್ನು ಗ್ರಹಿಸುವುದು ಇನ್ನೊಂದು. ಓದು ಈ ಎರಡರ ಗುಣಲಬ್ಧ, ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ ಎಂದು ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲೇ ಬರೆದರು. ಇಂಗ್ಲೆಂಡಿನ ನಿಕೋಲಾ ಯೂಯಿಲ್ ಮತ್ತು ಜೇನ್ ಓಕ್‌ಹಿಲ್ ಚೆನ್ನಾಗಿ ಓದಿಯೂ ಅರ್ಥದಲ್ಲಿ ಹಿಂದುಳಿದ ಪುಟ್ಟ ಮಕ್ಕಳಿಗೆ ಸುಳಿವು ಹಿಡಿಯುವುದನ್ನು ಕೆಲವೇ ತರಗತಿಗಳಲ್ಲಿ ಕಲಿಸಿದರು. ಮಕ್ಕಳ ಗ್ರಹಿಕೆ ಸುಧಾರಿಸಿತೆಂದು 1988ರಲ್ಲಿ ವರದಿ ಮಾಡಿದರು. ಅಂದರೆ ಇದು ಹುಟ್ಟಿನಿಂದ ಬರುವ ಜಾಣತನವಲ್ಲ, ಕಲಿಸಬಹುದಾದ ವಿದ್ಯೆ.

ಉತ್ತರ ಪಾಠದೊಳಗೇ ಇರಬೇಕು, ಗೆರೆ ಎಳೆದು ತೋರಿಸಬೇಕು ಎಂಬ ನಂಬಿಕೆ ನನ್ನನ್ನು ಹೆಚ್ಚು ನೋಯಿಸುತ್ತದೆ. ಕಡೂರಿನ ಬಯಲುಸೀಮೆಯ ಮಗುವಿಗೆ ಈ ಎರಡು ಸಾಲು ಕೊಡಿ: ‘ಅಜ್ಜ ತಲೆ ಎತ್ತಿ ಮುಗಿಲು ನೋಡಿದ. ಕಣದಲ್ಲಿದ್ದ ರಾಗಿ ತೆನೆಯ ಮೇಲೆ ಅವಸರದಲ್ಲಿ ಟಾರ್ಪಾಲು ಎಳೆದ.’ ಯಾಕೆ ಎಳೆದ ಎಂದರೆ, ‘ಮಳೆ ಬರೋ ಹಂಗಿತ್ತು’ ಅನ್ನುತ್ತದೆ ಮಗು. ‘ಮಳೆ ಅಂತ ಎಲ್ಲಿದೆ ತೋರಿಸು’ ಎಂದು ಗದರಿದರೆ ಅದು ಮುಂದೆಂದೂ ಯೋಚಿಸಿ ಬಾಯಿ ಬಿಡುವುದಿಲ್ಲ. ‘ಹೆಂಗೆ ಗೊತ್ತಾಯ್ತು?’ ಎಂದು ಕೇಳಿದರೆ ಮುಗಿಲು, ಅವಸರ, ಟಾರ್ಪಾಲು ಎಂದು ಒಂದೊಂದೇ ಬೆರಳಿಟ್ಟು ತೋರಿಸುತ್ತದೆ. ಮಿಕ್ಕಿದ್ದು ಅದರ ಮನೆಯ ಕಣದಿಂದ ಬಂದದ್ದು.

ಹಾಗಾದರೆ ಮಕ್ಕಳು ಬಾಯಿಗೆ ಬಂದದ್ದು ಹೇಳಬಹುದೇ? ಇಲ್ಲ. ‘ಅಜ್ಜನಿಗೆ ಸಿಟ್ಟು ಬಂದಿತ್ತು’ ಎಂದ ಮಗುವಿಗೂ ಅದೇ ಪ್ರಶ್ನೆ: ಹೆಂಗೆ ಗೊತ್ತಾಯ್ತು? ‘ಅವಸರ’ದಿಂದ ಎಂದರೆ, ಆ ಪದ ಸಿಟ್ಟಿಗೂ ಹೊಂದೀತು, ಆದರೆ ಮುಗಿಲು ನೋಡಿದ್ದು ಯಾಕೆ ಎಂದು ಜೊತೆಗೆ ಕೂತು ನೋಡಬೇಕು. ಹೊಗೆ ಕಂಡು ಬೆಂಕಿಯನ್ನು ಅರಿಯುವುದನ್ನು ನಮ್ಮ ತರ್ಕಶಾಸ್ತ್ರ ‘ಅನುಮಾನ’ ಎಂದು ಕರೆದು ಪ್ರಮಾಣಗಳ ಸಾಲಿನಲ್ಲಿ ಕೂರಿಸಿತು. ಹೊಗೆಯನ್ನೇ ಕಾಣದೆ ಬೆಂಕಿ ಇದೆ ಅನ್ನುವ ಅನುಮಾನಕ್ಕೆ ಅಲ್ಲಿ ಜಾಗವಿಲ್ಲ.

ಇದೆಲ್ಲ ಹೈಸ್ಕೂಲಿಗೆ ಸಾಕು ಅನ್ನುವವರು ಕನ್ನಡದ ವಾಕ್ಯವನ್ನೇ ಗಮನಿಸಲಿ. ‘ಅವ್ವ ಮಗಳ ಕೈಗೆ ಬುತ್ತಿ ಕೊಟ್ಟಳು. ಬೀರೂರಿನ ಬಸ್ಸು ಹತ್ತಿ ಕೈ ಬೀಸಿದಳು.’ ಹತ್ತಿದ್ದು ಯಾರು? ನಮ್ಮ ನುಡಿಯಲ್ಲಿ ಕರ್ತೃವನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ. ‘-ಳು’ ಹೆಣ್ಣು ಎಂದಷ್ಟೇ ಹೇಳುತ್ತದೆ, ಅವ್ವನೋ ಮಗಳೋ ಎಂದಲ್ಲ. ಬುತ್ತಿ ಯಾರ ಕೈಲಿದೆಯೋ ಪ್ರಯಾಣ ಅವರದ್ದು ಎಂದು ಎರಡನೇ ತರಗತಿಯ ಮಗುವೂ ಹೊಂದಿಸಿಕೊಳ್ಳಬೇಕು, ಹೊಂದಿಸಿಕೊಳ್ಳುತ್ತದೆ ಕೂಡ.

ಸುಳಿವು ಹಿಡಿಯಲು ಕಲಿತ ಮಗು ಯಾವ ಪಾಠವನ್ನಾದರೂ ಬಿಡಿಸುತ್ತದೆ ಎಂಬುದೂ ಪೂರ್ತಿ ನಿಜವಲ್ಲ. 1988ರಲ್ಲೇ ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ಮಕ್ಕಳಿಗೆ ಬೇಸ್‌ಬಾಲ್ ಆಟದ ಬರಹವೊಂದನ್ನು ಕೊಟ್ಟರು. ಆಟ ಗೊತ್ತಿದ್ದ ದುರ್ಬಲ ಓದುಗರು, ಆಟ ಗೊತ್ತಿಲ್ಲದ ಒಳ್ಳೆಯ ಓದುಗರಿಗಿಂತ ಚೆನ್ನಾಗಿ ಗ್ರಹಿಸಿದ್ದರು. ‘ರಾತ್ರಿಯೆಲ್ಲ ಸುಲಿದರು, ಬೆಳಗ್ಗೆ ಹಂಡೆಯಲ್ಲಿ ಚೊಗರು ಕುದಿಯಿತು’ ಎಂದರೆ ತರೀಕೆರೆಯ ತೋಟದ ಮಗುವಿಗೆ ಅಡಿಕೆ ಎಂದು ಬಿಡಿಸಿ ಹೇಳಬೇಕಿಲ್ಲ. ರಾಗಿ ಸೀಮೆಯ ಮಗು ಏನು ಸುಲಿದರೋ ಎಂದು ಕೂರುತ್ತದೆ. ಅದು ದಡ್ಡತನವಲ್ಲ. ಪಾಠಕ್ಕೆ ಮುಂಚೆ ಐದು ನಿಮಿಷ ಅಡಿಕೆಯ ಮಾತಾಡಿದರೆ ದಾರಿ ತೆರೆಯುತ್ತದೆ.

‘ನಮಗೇ ಓದು ಬರಲ್ಲ, ನಾವೇನು ಕಲಿಸೋದು’ ಅನ್ನುವ ಅವ್ವಂದಿರಿಗೆ ಒಂದು ಮಾತು. ಒಗಟು ನಿಮ್ಮದೇ ಆಸ್ತಿ. ಸುಳಿವಿನಿಂದ ವಸ್ತುವಿಗೆ ಹೋಗುವ ಆಟ ಅದು. ಅಜ್ಜಂಪುರದ ಕಡೆ ಈರುಳ್ಳಿ ಆರಿಸುತ್ತ ಕೂತಾಗ ಮಗು ‘ಇದು ಕೊಳೆಯುತ್ತೆ’ ಎಂದು ಒಂದನ್ನು ಪಕ್ಕಕ್ಕೆ ಎಸೆದರೆ, ಹೆಂಗೆ ಗೊತ್ತಾಯ್ತು ಎಂದು ಕೇಳಿ. ಕುತ್ತಿಗೆ ಒತ್ತಿ ನೋಡಿದೆ, ಮೆತ್ತಗಿತ್ತು ಎಂದು ಹೇಳುತ್ತದೆ.